ಉಣುಗಿಗೆ ಮಾರ್ಚ್ 31 ಗೊತ್ತಿಲ್ಲ

ಓದುಗರ ಪತ್ರ: ಸಿದ್ದಾಪುರ ಕಡೆಯ ಹಳ್ಳಿಗಳಲ್ಲಿ ಮಂಗನ ಕಾಯಿಲೆ ಕುರಿತ ನಮ್ಮ ಸಂಶೋಧನೆಗೆ ಕೇಂದ್ರದ ಅನುದಾನ ಮಂಜೂರಾಗಿದೆ. ಮೊದಲ ಕಂತು ₹9,40,000 ಸಂಸ್ಥೆಯ ಖಾತೆಗೆ ಬಿದ್ದದ್ದು ಫೆಬ್ರವರಿ 20ಕ್ಕೆ. ಮಾರ್ಚ್ 31ರೊಳಗೆ ಮುಗಿಸಿ, ಇಲ್ಲವಾದರೆ ಹಣ ವಾಪಸ್ ಎಂದು ಲೆಕ್ಕಶಾಖೆಯವರು ಪಟ್ಟು ಹಿಡಿದಿದ್ದಾರೆ. ವರ್ಷಕ್ಕಾಗುವಷ್ಟು ಪರೀಕ್ಷಾ ಕಿಟ್ ಈಗಲೇ ಕೊಂಡುಬಿಡೋಣವೇ? ಡೀಪ್ ಫ್ರೀಜರ್‌ಗೆಂದು ಬಂದ ₹1,50,000ದಲ್ಲಿ ₹30,000 ಉಳಿಯುವಂತಿದೆ. ಅದನ್ನೂ ಕಿಟ್‌ಗೆ ಹಾಕಬಹುದೇ?
– ವೈದ್ಯಕೀಯ ಶಿಕ್ಷಕರು, ಕಾರವಾರ (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ: ಎರಡೂ ಬೇಡ.

ಲೆಕ್ಕಶಾಖೆಯವರನ್ನು ದೂರಿ ಫಲವಿಲ್ಲ. ಮಾರ್ಚ್ ಕೊನೆಗೆ ಬೆಳೆಸಾಲ ತೀರಿಸಿ ಏಪ್ರಿಲ್‌ನಲ್ಲಿ ಮತ್ತೆ ತೆಗೆಯುವ ಸೊಸೈಟಿ ಲೆಕ್ಕ ನಮ್ಮ ಜಿಲ್ಲೆಯಲ್ಲಿ ಎಲ್ಲರ ರಕ್ತದಲ್ಲೇ ಇದೆ. ಸಂಶೋಧನಾ ಅನುದಾನವನ್ನೂ ಅದೇ ಕಣ್ಣಿನಿಂದ ನೋಡುತ್ತಾರೆ. ಆದರೆ ನಿಮ್ಮ ಕೈಯಲ್ಲಿ ಎರಡು ಪಂಚಾಂಗಗಳಿವೆ. ಯೋಜನೆಯ ವರ್ಷ ಅದು ಶುರುವಾದ ದಿನದಿಂದ ಹನ್ನೆರಡು ತಿಂಗಳು. ಲೆಕ್ಕ ಒಪ್ಪಿಸುವ ವರ್ಷ ಮಾತ್ರ ಏಪ್ರಿಲ್ 1ರಿಂದ ಮಾರ್ಚ್ 31. ಎರಡನೆಯದು ಮುಗಿಯಿತೆಂದು ಮೊದಲನೆಯದು ಮುಗಿಯುವುದಿಲ್ಲ.

ಮೊದಲು ಮಂಜೂರಾತಿ ಆದೇಶ ತೆಗೆದು, ಹಣ ಬಂದ ಬಗೆ ಯಾವುದೆಂದು ನೋಡಿ. ಟ್ರೆಜರಿ ಸಿಂಗಲ್ ಅಕೌಂಟ್ ಪದ್ಧತಿಯಲ್ಲಾದರೆ ನಿಮಗೆ ಸಿಗುವುದು ಹಣವಲ್ಲ, ಇಷ್ಟರವರೆಗೆ ಖರ್ಚು ಮಾಡಬಹುದು ಎಂಬ ಮಿತಿ. ಆ ಮಿತಿ ಮಾರ್ಚ್ 31ರ ರಾತ್ರಿ ನಿಜಕ್ಕೂ ಲಯವಾಗುತ್ತದೆ, ಹೊಸ ವರ್ಷಕ್ಕೆ ಹೊಸ ಮಿತಿ ಕೇಳಬೇಕು. ಲೆಕ್ಕಶಾಖೆಯ ಭಯಕ್ಕೆ ಬುನಾದಿ ಇರುವುದು ಅಲ್ಲಿ. ನಿಮ್ಮ ಹಣವಾದರೋ ಸಂಸ್ಥೆಯ ಬ್ಯಾಂಕ್ ಖಾತೆಗೇ ಜಮೆಯಾಗಿದೆ. ಹಾಗಿದ್ದಾಗ ಉಳಿದದ್ದನ್ನು ತೋರಿಸಿ, ಮುಂದಿನ ವರ್ಷಕ್ಕೆ ಒಯ್ಯಲು ಅನುಮತಿ ಕೇಳುವುದು ಕ್ರಮ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳ (ಜಿಎಫ್‌ಆರ್) 230ನೇ ನಿಯಮ ಹೇಳುವುದೂ ಇದನ್ನೇ: ಹಿಂದಿನ ಅನುದಾನದಲ್ಲಿ ಉಳಿದದ್ದನ್ನು ಮುಂದಿನದನ್ನು ಮಂಜೂರು ಮಾಡುವಾಗ ಲೆಕ್ಕಕ್ಕೆ ಹಿಡಿಯಬೇಕು.

ಇದೆಲ್ಲ ಕಾಗದದ ಮೇಲೆ ಬರುವುದು ಬಳಕೆ ಪ್ರಮಾಣಪತ್ರದಲ್ಲಿ, ಅಂದರೆ ಎಲ್ಲರೂ ಯುಸಿ ಎನ್ನುವ ಜಿಎಫ್‌ಆರ್ 12-ಎ ನಮೂನೆಯಲ್ಲಿ. ನಿಮ್ಮ ಅಂಕಿಗಳನ್ನೇ ಹಾಕಿ ನೋಡೋಣ. ₹9,40,000ದಲ್ಲಿ ಉಪಕರಣದ್ದು ₹1,50,000. ಉಳಿದ ₹7,90,000 ಸಾಮಾನ್ಯ ಶೀರ್ಷಿಕೆಯದು, ಅಂದರೆ ನಿತ್ಯದ ಖರ್ಚಿನ ಬಾಬ್ತಿನದು ಎಂದುಕೊಳ್ಳಿ. ಮಾರ್ಚ್ ಕೊನೆಯವರೆಗೆ ಸಿಬ್ಬಂದಿ, ಪ್ರಯಾಣ, ಸಾಮಗ್ರಿಗೆ ₹1,00,000 ಖರ್ಚಾಯಿತು, ಫ್ರೀಜರ್‌ಗೆ ₹1,20,000 ಮುಂಗಡ ಕೊಟ್ಟಿರಿ, ಯಂತ್ರ ಇನ್ನೂ ಬಂದಿಲ್ಲ. ಆಗ ಖರ್ಚಿನ ಕಾಲಮ್ಮಿನಲ್ಲಿ ಬರೆಯಬೇಕಾದದ್ದು ₹2,20,000 ಅಲ್ಲ, ₹1,00,000 ಮಾತ್ರ. ಕೊನೆಯ ಶಿಲ್ಕು ₹8,40,000. ನಮೂನೆಯ ಕೆಳಗೆ ಅದನ್ನು ಒಡೆದು ತೋರಿಸಲು ಜಾಗವಿದೆ: ಬ್ಯಾಂಕಿನಲ್ಲಿ ₹7,20,000, ಹೊಂದಾಣಿಕೆಯಾಗದ ಮುಂಗಡ ₹1,20,000.

ಮಾರ್ಚ್ 30ಕ್ಕೆ ಪೂರೈಕೆದಾರರಿಗೆ ಹಣ ಕಳಿಸಿ ‘ಖರ್ಚು ತೋರಿಸಿದೆವು’ ಎಂದು ನೆಮ್ಮದಿಯಾಗುವವರು ಎಡವುವುದು ಇಲ್ಲೇ. ಮುಂಗಡ ಖರ್ಚಲ್ಲ. ಖರೀದಿ ಆದೇಶ ಹೊರಟ ಮಾತ್ರಕ್ಕೂ ಖರ್ಚಾಗುವುದಿಲ್ಲ. ಸಾಮಾನು ಬಂದು, ದಾಸ್ತಾನು ಪುಸ್ತಕಕ್ಕೆ ಏರಿ, ಬಿಲ್ಲು ಪಾವತಿಯಾಗಬೇಕು. ಫ್ರೀಜರ್ ಬಂದ ಮೇಲೆ ಸ್ಥಿರಾಸ್ತಿ ರಿಜಿಸ್ಟರಿನಲ್ಲೂ ದಾಖಲಾಗಬೇಕು.

ಇನ್ನು ಬಡ್ಡಿ. ಖಾತೆಯಲ್ಲಿದ್ದ ಹಣಕ್ಕೆ ₹2,150 ಬಡ್ಡಿ ಬಂತೆನ್ನಿ. ಅದು ಯೋಜನೆಯದಲ್ಲ, ಭಾರತದ ಸಂಚಿತ ನಿಧಿಯದು. ಲೆಕ್ಕ ಅಂತಿಮವಾದ ಕೂಡಲೇ ಕಟ್ಟಬೇಕು. ಯುಸಿಯಲ್ಲಿ ಅದಕ್ಕೆ ಬೇರೆಯೇ ಕಾಲಮ್ಮಿದೆ. ಅಲ್ಲಿ ತೋರಿಸಲು ಮರೆತರೆ ಪಾಸ್‌ಬುಕ್ಕಿನಲ್ಲಿ ₹7,22,150, ಯುಸಿಯಲ್ಲಿ ₹7,20,000. ಇಷ್ಟು ಸಣ್ಣ ವ್ಯತ್ಯಾಸಕ್ಕೇ ಕಡತ ಹಿಂದಿರುಗಿ, ಎರಡನೇ ಕಂತು ತಿಂಗಳುಗಟ್ಟಲೆ ತಡವಾಗಬಹುದು. ಹಲವು ಯೋಜನೆಗಳ ಹಣ ಒಂದೇ ಖಾತೆಯಲ್ಲಿದ್ದರಂತೂ ಯಾರ ಬಡ್ಡಿ ಎಷ್ಟು ಎಂದು ಬಿಡಿಸುವುದೇ ಒಂದು ಸಂಶೋಧನೆಯಾದೀತು.

ಯುಸಿ ಕೊಡಲು ನಿಯಮದ ಪ್ರಕಾರ ಆರ್ಥಿಕ ವರ್ಷ ಮುಗಿದು ಹನ್ನೆರಡು ತಿಂಗಳ ಗಡುವಿದೆ. ಅದನ್ನು ನಂಬಿ ಕೂರಬೇಡಿ. ಹಿಂದಿನ ವರ್ಷದ ಯುಸಿ ಮತ್ತು ಆಡಿಟ್ ಆದ ಲೆಕ್ಕ ತಲುಪದೆ ಮುಂದಿನ ವರ್ಷದ ಮೊತ್ತದಲ್ಲಿ ಶೇ 75ಕ್ಕಿಂತ ಹೆಚ್ಚು ಬಿಡುಗಡೆ ಮಾಡುವಂತಿಲ್ಲ. ಏಪ್ರಿಲ್ ಮೊದಲ ವಾರದಲ್ಲೇ ತಾತ್ಕಾಲಿಕ ಯುಸಿ, ಖರ್ಚಿನ ಪಟ್ಟಿ, ಉಳಿಕೆ ಒಯ್ಯಲು ಅನುಮತಿ ಕೋರಿದ ಒಂದು ಪುಟದ ಪತ್ರ, ಮೂರನ್ನೂ ಒಟ್ಟಿಗೆ ಕಳಿಸಿಬಿಡಿ. ಆಡಿಟ್ ಆದದ್ದು ಹಿಂದಿನಿಂದ ಹೋಗಲಿ.

ಕಿಟ್ ವಿಷಯಕ್ಕೆ ಬರೋಣ. ನಿಮ್ಮ ಕಾಯಿಲೆಯ ಹಂಗಾಮು ಸರ್ಕಾರದ ಲೆಕ್ಕದ ವರ್ಷಕ್ಕೆ ಅಡ್ಡ ಬಿದ್ದಿದೆ. ಮಂಗನ ಕಾಯಿಲೆ ಹರಡುವ ಉಣುಗಿನ ಮರಿಗಳು, ಅಂದರೆ ನಿಂಫ್ ಹಂತದವು, ಹೆಚ್ಚಾಗಿ ಚುರುಕಾಗುವುದು ಡಿಸೆಂಬರ್‌ನಿಂದ ಮೇವರೆಗೆ. ಜನ ಸೊಪ್ಪಿನ ಬೆಟ್ಟಕ್ಕೆ ಹೋಗಿ ದರಕು, ಅಂದರೆ ಒಣ ಎಲೆ, ಗುಡಿಸಿ ತರುವ ಕಾಲವೂ ಅದರಲ್ಲೇ ಬರುತ್ತದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದಾಗಿನಿಂದಲೂ ಈ ಹಂಗಾಮು ಹೆಚ್ಚು ಕದಲಿಲ್ಲ. ಮಾರ್ಚ್ 31 ಬೀಳುವುದು ಹಂಗಾಮಿನ ನಡು ನೆತ್ತಿಗೆ. ಈಗ ವರ್ಷದ ಕಿಟ್ ಕೊಂಡರೆ ಒಂದಿಷ್ಟು ಈ ಬೇಸಿಗೆಗೆ ಬಳಕೆಯಾದೀತು, ಮಿಕ್ಕದ್ದು ಮಳೆಗಾಲವಿಡೀ ಫ್ರಿಜ್ಜಿನಲ್ಲಿ ಕೂತು, ಡಿಸೆಂಬರ್‌ನಲ್ಲಿ ರಕ್ತದ ಮಾದರಿ ಬರುವ ಹೊತ್ತಿಗೆ ಅವಧಿ ಮುಗಿದಿರಬಹುದು. ರಕ್ತದಲ್ಲಿ ಸೋಂಕಿನ ಗುರುತು ಹುಡುಕುವ ಎಲೈಸಾ ಕಿಟ್‌ಗೆ 2ರಿಂದ 8 ಡಿಗ್ರಿ ತಂಪು ತಪ್ಪಬಾರದು. ಜುಲೈನಲ್ಲಿ ಘಟ್ಟದ ಮೇಲೆ ಕರೆಂಟಿನ ಪಾಡು ನಿಮಗೆ ಹೇಳಬೇಕಿಲ್ಲ.

ಬದಲಿಗೆ ಹೀಗೆ ಮಾಡಿ. ಈ ಮಾರ್ಚ್‌ಗೆ ಮೇವರೆಗಿನ ಕಿಟ್ ಮಾತ್ರ. ಮಳೆಗಾಲ ಕಾಗದಕ್ಕಿರಲಿ: ಕಾಡಿನಲ್ಲಿ ಬಿಳಿ ಬಟ್ಟೆ ಎಳೆದು ಉಣುಗು ಹಿಡಿಯಲು ಅರಣ್ಯ ಇಲಾಖೆಯ ಅನುಮತಿ, ನೈತಿಕ ಸಮಿತಿಯ ವಾರ್ಷಿಕ ಮರುಪರಿಶೀಲನೆ. ಸಿಬ್ಬಂದಿ ನೇಮಕ ಸೆಪ್ಟೆಂಬರ್‌ಗೆ ಮುಗಿಯಬೇಕು, ತಡವಾದರೆ ಕಲಿಸುವಷ್ಟರಲ್ಲಿ ಹಂಗಾಮು ಬಂದಿರುತ್ತದೆ. ನವೆಂಬರ್‌ನಲ್ಲಿ ಕಿಟ್‌ನ ಮೊದಲ ಖರೀದಿ, ಜನವರಿಯಲ್ಲಿ ಎರಡನೆಯದು. ಪೂರೈಸುವ ದಿನಕ್ಕೆ ಇಷ್ಟು ತಿಂಗಳ ಅವಧಿ ಬಾಕಿ ಇರಬೇಕೆಂದು ಖರೀದಿ ಆದೇಶದಲ್ಲೇ ಬರೆಯಿರಿ. ಮಾರ್ಚ್‌ನಲ್ಲಿ ಜೀಪಿನ ಬಾಡಿಗೆ ಬಿಲ್ಲನ್ನು ವಾರಕ್ಕೊಮ್ಮೆ ವಸೂಲು ಮಾಡಿ. ಚಾಲಕರು ಏಪ್ರಿಲ್ 10ಕ್ಕೆ ತಂದುಕೊಟ್ಟ ಮಾರ್ಚ್ ಬಿಲ್ಲು ಹೊಸ ವರ್ಷದ ಖರ್ಚಾಗಿಬಿಡುತ್ತದೆ. ಯೋಜನೆಯ ಕೊನೆಯ ದಿನ ಹಂಗಾಮಿನ ನಡುವೆ ಬಿದ್ದರೆ, ಹೆಚ್ಚುವರಿ ಹಣವಿಲ್ಲದ ಅವಧಿ ವಿಸ್ತರಣೆಗೆ ಮೂರು ತಿಂಗಳು ಮೊದಲೇ ಅರ್ಜಿ ಹಾಕಿ. ಅವಧಿ ಮುಗಿದ ಮೇಲೆ ಮಾಡಿದ ಖರ್ಚು ನಿಮ್ಮ ಜೇಬಿನದ್ದೇ ಆಗಬಹುದು.

ಕೊನೆಯದಾಗಿ ಆ ₹30,000. ಅದು ಬಂಡವಾಳ ಆಸ್ತಿಯ ಶೀರ್ಷಿಕೆಯದು, ಕಿಟ್ ಸಾಮಾನ್ಯ ಶೀರ್ಷಿಕೆಯದು. 12-ಎ ನಮೂನೆ ಎರಡನ್ನೂ ಬೇರೆ ಬೇರೆ ಸಾಲಿನಲ್ಲೇ ಕೇಳುವುದರಿಂದ ಅಡಗಿಸುವ ಮಾತಿಲ್ಲ. ಅನುದಾನ ಕೊಟ್ಟವರ ಲಿಖಿತ ಒಪ್ಪಿಗೆ ಇಲ್ಲದೆ ಅತ್ತಿಂದಿತ್ತ ಸರಿಸಬೇಡಿ. ನಮ್ಮನ್ನು ಕೇಳಿದರೆ ಅದೇ ಶೀರ್ಷಿಕೆಯೊಳಗೆ ಫ್ರೀಜರ್‌ಗೆ ಒಂದು ಸ್ಟೆಬಿಲೈಜರ್ ಮತ್ತು ಉಷ್ಣಾಂಶ ದಾಖಲಿಸುವ ಲಾಗರ್ ಬೇಕೆಂದು ಅನುಮತಿ ಕೇಳುವುದು ಮೇಲು. ಆ ಪತ್ರವನ್ನು ಈ ವಾರವೇ ಕಳಿಸಿ. ಜೂನ್‌ಗೆ ಮೊದಲು ಉತ್ತರ ಬಂದರೆ ಮೊದಲ ಹಂಗಾಮಿನ ಮಾದರಿಗಳು ಮಳೆಗಾಲ ದಾಟುತ್ತವೆ.