‘ಆಸ್ಕ್’ ಅಂತಲೇ ಎಷ್ಟು ಸಲ ಬರೆಯುವುದು?

ಆಫೀಸಿನ ಮೇಲ್‌ಗಳಲ್ಲಿ ಎಲ್ಲ ಕಡೆ ‘ಆಸ್ಕ್’ ಅಂತಲೇ ಬರೆದು ನಾಚಿಕೆಯಾಗುತ್ತಿದೆ, ಅದಕ್ಕೆ ಬೇರೆ ಪದ ಯಾವುದಿದೆ, ಯಾವುದು ಎಲ್ಲಿಗೆ ಸರಿ ಅಂತ ಕೇಳಿದ್ದೀರಿ. ನಾಚಿಕೆ ಬೇಡ. ಹತ್ತರಲ್ಲಿ ಎಂಟು ಕಡೆ ‘ಆಸ್ಕ್’ ಸರಿಯೇ ಇರುತ್ತದೆ. ತೊಂದರೆ ಬರುವುದು ಅದನ್ನು ಸುಮ್ನೆ ಬದಲಾಯಿಸಲು ಹೋದಾಗ.

ನಾನು ಕಾಸರಗೋಡಿನ ಬದಿಯಡ್ಕ ಕಡೆಯವನು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈಗ ಒಂದು ಜೆರಾಕ್ಸ್, ಟೈಪಿಂಗ್ ಅಂಗಡಿ ಇದೆ. ಜನರ ಅರ್ಜಿಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಡುವುದೇ ಅರ್ಧ ಕೆಲಸ. ಅಂಗಡಿ ಶುರು ಮಾಡಿದ ಹೊಸತರಲ್ಲಿ ಅಡಿಕೆ ತೋಟದ ಒಬ್ಬರು ಅಜ್ಜ ಬಂದರು. ಜಾಗದ ರೆಕಾರ್ಡಿನಲ್ಲಿ ಹೆಸರು ತಪ್ಪಾಗಿದೆ, ಸರಿ ಮಾಡಿಕೊಡಿ ಅಂತ ಬರೆಯಬೇಕಿತ್ತು. ‘ಆಸ್ಕ್’ ತೀರಾ ಸಣ್ಣ ಪದ ಆಯಿತಲ್ಲ ಅಂತ ನಾನು ಕಂಪ್ಯೂಟರಿನಲ್ಲಿ ಸಮಾನ ಪದಗಳ ಪಟ್ಟಿ ತೆಗೆದೆ. ‘ಡಿಮ್ಯಾಂಡ್’ ಸಿಕ್ಕಿತು. ಗತ್ತಾಗಿದೆ ಅಂತ ಅದನ್ನೇ ಹಾಕಿದೆ.

ಮರುದಿನ ಅಜ್ಜ ಅದೇ ಕಾಗದ ಹಿಡಿದುಕೊಂಡು ವಾಪಸ್. ಆಫೀಸಿನ ಕೌಂಟರಿನವರು ಓದಿ, “ಇದೆಂದಾ, ಡಿಮಾಂಡೋ?” (ಇದೇನು, ಡಿಮ್ಯಾಂಡಾ?) ಅಂತ ಮಲಯಾಳದಲ್ಲಿ ಕೇಳಿದರಂತೆ. “ನೀನು ಎಂತ ಬರೆದದ್ದು ಮಾರಾಯ, ನಾನು ಜಗಳಕ್ಕೆ ಹೋದದ್ದಲ್ಲ” ಅಂದರು ಅಜ್ಜ. ‘ರಿಕ್ವೆಸ್ಟ್’ ಅಂತ ಬದಲಾಯಿಸಿ ಇನ್ನೊಂದು ಪ್ರಿಂಟ್ ಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ. ಆಮೇಲೆ ಗೊತ್ತಾದದ್ದು, ‘ಡಿಮ್ಯಾಂಡ್’ ಫ್ರೆಂಚಿನಿಂದ ಬಂದ ಪದ, ಆ ಭಾಷೆಯಲ್ಲಿ ಈಗಲೂ ಅದಕ್ಕೆ ಸಾದಾ ‘ಕೇಳು’ ಅಂತಲೇ ಅರ್ಥ. ಇಂಗ್ಲಿಷಿಗೆ ಬಂದ ಮೇಲೆ ಮಾತ್ರ ಅದು ‘ಕೊಡಲೇಬೇಕು’ ಅಂತ ಪಟ್ಟು ಹಿಡಿಯುವ ಪದವಾಯಿತು. ಯೂನಿಯನ್ನಿನವರಿಗೆ ಸರಿ, ಅರ್ಜಿಗೆ ಅಲ್ಲ.

ನಮಗೆ ಗೊಂದಲ ಜಾಸ್ತಿ ಆಗುವುದಕ್ಕೆ ಕಾರಣ ನಮ್ಮ ‘ಕೇಳು’ ಅಂತ ನನಗನಿಸುತ್ತದೆ. ದಾರಿ ಕೇಳುತ್ತೇವೆ, ಸಾಲ ಕೇಳುತ್ತೇವೆ, ಹಾಡು ಕೇಳುತ್ತೇವೆ, ಹೇಳಿದ ಮಾತನ್ನು ಮಗ ಕೇಳುವುದಿಲ್ಲ. ಆಸ್ಕ್, ಹಿಯರ್, ಲಿಸನ್, ಒಬೆ ನಾಲ್ಕೂ ಒಂದರಲ್ಲೇ ಬಂತು ನೋಡಿ. ತುಳುವಿನ ‘ಕೇಣುನಿ’ಯೂ ಹಾಗೆಯೇ, ಪ್ರಶ್ನೆ ಕೇಳುವುದಕ್ಕೂ ಕಿವಿಯಲ್ಲಿ ಕೇಳುವುದಕ್ಕೂ ಒಂದೇ. ಆದರೆ ನಮ್ಮ ಪಕ್ಕದ ಮನೆಯ ಮಲಯಾಳದಲ್ಲಿ ಕಿವಿಯ ಕೆಲಸಕ್ಕೆ ‘ಕೇಳ್ಕ್ಕುಗ’, ಬಾಯಿಯ ಕೆಲಸಕ್ಕೆ ‘ಚೋದಿಕ್ಕುಗ’ ಅಂತ ಬೇರೆ ಬೇರೆ. ಇಲ್ಲಿಯ ಮಕ್ಕಳು ಮೂರನ್ನೂ ಮಾತಾಡಿಕೊಂಡೇ ಬೆಳೆಯುವುದು, ಆದರೂ ಇಂಗ್ಲಿಷ್ ಬರೆಯುವಾಗ ತಲೆ ಕನ್ನಡದಲ್ಲೇ ಓಡುತ್ತದೆ.

ಹಾಗಾಗಿ ನಾನೊಂದು ಉಪಾಯ ಮಾಡಿಕೊಂಡಿದ್ದೇನೆ. ಮೊದಲು ಕನ್ನಡದಲ್ಲಿ ಹೇಳಿ ನೋಡುತ್ತೇನೆ. ಬಾಯಿಗೆ ‘ಕೇಳಿಕೊಳ್ಳುತ್ತೇನೆ’ ಅಂತ ಬಂದರೆ ಅದು ‘ರಿಕ್ವೆಸ್ಟ್’. ಆ ‘ಕೊಳ್ಳು’ ಸೇರಿದ ಕೂಡಲೇ ಮಾತು ಸ್ವಲ್ಪ ತಗ್ಗುತ್ತದೆ, ಅಲ್ವಾ? ‘ವಿಚಾರಿಸುತ್ತೇನೆ’ ಅಂತ ಬಂದರೆ ‘ಎನ್‌ಕ್ವಯರ್’, ರೈಲ್ವೆ ಸ್ಟೇಷನ್ನಿನ ಎನ್‌ಕ್ವಯರಿ ಕಿಟಕಿ ನೆನಪಿಟ್ಟುಕೊಳ್ಳಿ, ಅಲ್ಲಿ ಮಾಹಿತಿ ಕೇಳಬಹುದು, ಸಾಲ ಕೇಳುವ ಹಾಗಿಲ್ಲ. ‘ಬೇಡಿಕೊಳ್ಳುತ್ತೇನೆ’ ಅಂದರೆ ‘ಬೆಗ್’, ಮೇಲ್‌ನಲ್ಲಿ ಅಷ್ಟು ಇಳಿಯುವ ಅಗತ್ಯ ಬೀಳುವುದಿಲ್ಲ. ‘ಕ್ವೆಶ್ಚನ್’ ಬಗ್ಗೆ ಜಾಗ್ರತೆ: ‘ಐ ಕ್ವೆಶ್ಚನ್ಡ್ ಮೈ ಮ್ಯಾನೇಜರ್’ ಅಂತ ಬರೆದರೆ ನೀವು ಅವರ ಮೇಲೆಯೇ ಅನುಮಾನಪಟ್ಟ ಹಾಗೆ, ಅಥವಾ ಪೊಲೀಸಿನವರ ಹಾಗೆ ಕೂರಿಸಿ ವಿಚಾರಣೆ ಮಾಡಿದ ಹಾಗೆ. ‘ಇಂಟರಾಗೇಟ್’ ಅಂತೂ ಪೂರ್ತಿ ಠಾಣೆಯ ಪದ.

ಇನ್ನು ವ್ಯಾಕರಣ. ಇದರಲ್ಲೇ ನಮ್ಮವರು ಜಾಸ್ತಿ ಎಡವುವುದು. ಈ ಕಡೆ ನಾವು ‘ಅವನ ಹತ್ರ ಕೇಳಿದೆ’ ಅನ್ನುತ್ತೇವೆ, ಮಲಯಾಳದವರು ‘ಅವನೋಡ್ ಚೋದಿಚ್ಚು’ ಅನ್ನುತ್ತಾರೆ, ಅದಕ್ಕೇ ಇರಬೇಕು ಇಂಗ್ಲಿಷಿನಲ್ಲೂ ‘ಆಸ್ಕ್ಡ್ ಟು ಹಿಮ್’ ಅಂತ ಒಂದು ‘ಟು’ ಅಂಟಿಕೊಳ್ಳುವುದು. ಅದು ಬೇಡ, ‘ಆಸ್ಕ್ಡ್ ಹಿಮ್’ ಸಾಕು. ವಸ್ತು ಬೇಕಾದರೆ ‘ಫಾರ್’ ಹಾಕಿ: ‘ಆಸ್ಕ್ಡ್ ಹಿಮ್ ಫಾರ್ ದ ಬಿಲ್’. ಆದರೆ ‘ರಿಕ್ವೆಸ್ಟ್’ ಕ್ರಿಯಾಪದವಾದಾಗ ಅದಕ್ಕೆ ‘ಫಾರ್’ ಬೇಡ, ‘ಐ ರಿಕ್ವೆಸ್ಟೆಡ್ ಎ ಕಾಪಿ’ ಅಷ್ಟೇ. ‘ಎ ರಿಕ್ವೆಸ್ಟ್ ಫಾರ್ ಎ ಕಾಪಿ’ ಅಂತ ನಾಮಪದವಾಗಿ ಬಂದಾಗ ಮಾತ್ರ ‘ಫಾರ್’. ‘ಡೌಟ್ ಆಸ್ಕ್ ಮಾಡುವುದು’ ಭಾರತದ ಒಳಗೆ ನಡೆಯುತ್ತದೆ, ಹೊರಗಿನವರಿಗೆ ಬರೆಯುವಾಗ ‘ಕ್ವೆಶ್ಚನ್’ ಅನ್ನಿ, ಅವರಿಗೆ ‘ಡೌಟ್’ ಅಂದರೆ ನಂಬಿಕೆ ಇಲ್ಲ ಅಂತ ಕೇಳಿಸುತ್ತದೆ.

ಕೆಲವು ಕಡೆ ‘ಆಸ್ಕ್’ ಅನ್ನು ಬದಲಾಯಿಸಲು ಹೋಗಲೇಬೇಡಿ. ಮಾರಲಿಟ್ಟ ಹಳೇ ಬೈಕ್ ನೋಡಿ ನಾವು ‘ಎಷ್ಟು ಕೇಳ್ತಾನೆ?’ ಅನ್ನುತ್ತೇವಲ್ಲ, ಇಂಗ್ಲಿಷಿನಲ್ಲೂ ಅದೇ, ‘ಆಸ್ಕಿಂಗ್ ಪ್ರೈಸ್’. ಕ್ರಿಕೆಟ್ ಕಾಮೆಂಟರಿಯ ‘ಆಸ್ಕಿಂಗ್ ರೇಟ್’ ಇದೆ, ಅದನ್ನು ‘ರಿಕ್ವೆಸ್ಟಿಂಗ್ ರೇಟ್’ ಮಾಡಿದರೆ ಬೌಲರಿಗೆ ಕೈಮುಗಿದು ರನ್ ಬೇಡಿದ ಹಾಗಾಗುತ್ತದೆ.

ನನಗೆ ಇಷ್ಟವಾದದ್ದು ‘ಆಸ್ಕ್ ಆಫ್ಟರ್’. ‘ಶಿ ಆಸ್ಕ್ಡ್ ಆಫ್ಟರ್ ಯೂ’ ಅಂದರೆ ನೀವು ಹೇಗಿದ್ದೀರಿ ಅಂತ ವಿಚಾರಿಸಿದಳು ಅಂತ ಅರ್ಥ. ಹಾಗೆ ವಿಚಾರಿಸಿದೆ ಅಂತ ಯಾರಿಗಾದರೂ ತಿಳಿಸಬೇಕಾದರೆ ಮಲಯಾಳದವರು ‘ಅನ್ವೇಷಣಂ ಪರಯಣಂ’ ಅಂತಾರೆ. ಕನ್ನಡದಲ್ಲಿ ಇದು ಇನ್ನೂ ಸಲೀಸು. ಅಂದು ಜಗಳಕ್ಕೆ ಬಂದ ಅದೇ ಅಜ್ಜ ಈಗಲೂ ಅಂಗಡಿಗೆ ಬರುತ್ತಾರೆ, ಕಾಗದ ಮಡಚಿ ಕಿಸೆಗೆ ಹಾಕಿಕೊಂಡು ಮೆಟ್ಟಿಲು ಇಳಿಯುವಾಗ “ಅಮ್ಮನನ್ನು ಕೇಳಿದೆ ಅಂತ ಹೇಳು” ಅನ್ನುತ್ತಾರೆ.