ಉಂಬಳ ಯಾರು, ಕಾಲು ಯಾರದು?

ಪ್ರಶ್ನೆ: ನಾನು ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಲಾರಿ 3 ದಿನ ತಡವಾಗಿ ಬಂತು ಅಂತ ಸಾಗಣೆಯವರಿಗೆ ಇಂಗ್ಲಿಷಲ್ಲಿ ಮೇಲ್ ಬರೆದೆ. 'ಐ ಆಮ್ ವೆರಿ ಇರಿಟೇಟಿಂಗ್' ಅಂತ ಶುರು ಮಾಡಿದ್ದೆ. ಓದಿ ಮಗಳು ನಕ್ಕುಬಿಟ್ಟಳು. ಏನು ತಪ್ಪಾಯ್ತು?
– ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ನೀವು ಬರೆದಿದ್ದಕ್ಕೆ 'ನಾನು ತುಂಬಾ ಕಿರಿಕಿರಿ ಮಾಡುವ ಮನುಷ್ಯ' ಅಂತ ಅರ್ಥ ಬರುತ್ತೆ. ಬರೆಯಬೇಕಿದ್ದಿದ್ದು 'ಐ ಆಮ್ ಇರಿಟೇಟೆಡ್'. ಮುಜುಗರ ಬೇಡ, ಕನ್ನಡದಲ್ಲಿ ಯೋಚನೆ ಮಾಡುವ ಬಹಳ ಜನ ಇಲ್ಲೇ ಎಡವುತ್ತಾರೆ. ನಾವು 'ನನಗೆ ಕಿರಿಕಿರಿ ಆಗ್ತಿದೆ' ಅಂತೀವಿ, ಅಲ್ವಾ? ಕಿರಿಕಿರಿ ಎಲ್ಲಿಂದಲೋ ಬಂತು, ಅನುಭವಿಸಿದವನು ನಾನು ಅನ್ನೋದನ್ನ ಆ 'ನನಗೆ' ಒಂದೇ ಹೇಳಿಬಿಡುತ್ತೆ. ಇಂಗ್ಲಿಷಲ್ಲಿ ಅದರ ಜಾಗದಲ್ಲಿ 'ಐ' ಬರುತ್ತೆ, 'ಆಗ್ತಿದೆ' ಅನ್ನೋದು ತಲೆಯಲ್ಲಿ ಇರೋದರಿಂದ ಕೈ ತಾನಾಗಿ 'ಇಂಗ್' ಸೇರಿಸುತ್ತೆ, ಅಲ್ಲಿಗೆ ಇಡೀ ಮಾತು ತಿರುಗುಮುರುಗಾಗುತ್ತೆ.

ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಬಂದ ಕಾಲು ನೆನಪು ಮಾಡಿಕೊಳ್ಳಿ. ಬೆರಳ ಸಂದಿಯಲ್ಲಿ ಉಂಬಳ, ಅಂದರೆ ಜಿಗಣೆ, ಕಚ್ಚಿಕೊಂಡಿರುತ್ತೆ. ಉಪ್ಪು ಹಾಕಿ ಉದುರಿಸಿದರೂ ರಕ್ತ ಬೇಗ ನಿಲ್ಲಲ್ಲ, ಮಾರನೇ ದಿನವೂ ನವೆ. ಆ ಉಂಬಳ ಇರಿಟೇಟಿಂಗ್, ನಿಮ್ಮ ಕಾಲು ಇರಿಟೇಟೆಡ್. ಲಾರಿ ಉಂಬಳ, ನೀವು ಕಾಲು. ಬರೆಯುವ ಮೊದಲು ಇಷ್ಟು ನೋಡಿಕೊಂಡರೆ ಸಾಕು. ಬೋರಿಂಗ್–ಬೋರ್ಡ್, ಕನ್‌ಫ್ಯೂಸಿಂಗ್–ಕನ್‌ಫ್ಯೂಸ್ಡ್ ಕೂಡ ಹೀಗೇ.

ಮುಂದಿನ ಪದದ ಬಗ್ಗೆಯೂ ಸ್ವಲ್ಪ ಗಮನ ಇರಲಿ. ಮನುಷ್ಯರ ಮೇಲೆ ಬೇಸರ ಆದರೆ ಹೆಚ್ಚಾಗಿ 'ಇರಿಟೇಟೆಡ್ ವಿತ್', ತಡ, ಗದ್ದಲದಂಥ ಸಂಗತಿಗೆ 'ಇರಿಟೇಟೆಡ್ ಬೈ'. ಸ್ಪೆಲಿಂಗಲ್ಲಿ ಶುರುವಿನ 'ಐ' ಆದಮೇಲೆ ಎರಡು 'ಆರ್' ಒಟ್ಟಿಗೆ ಬರುತ್ತೆ, ಒಂದನ್ನು ಬಿಡಬೇಡಿ.

ಆದರೆ ನನ್ನ ಕೇಳಿದರೆ, ವ್ಯವಹಾರದ ಇಮೇಲ್‌ನಲ್ಲಿ ಈ ಪದವೇ ಬೇಡ. ವ್ಯಾಕರಣ ಸರಿಯಿದ್ದರೂ ಅದನ್ನು ಓದಿದವರು ನಿಮ್ಮ ಸಿಟ್ಟಿಗೆ ಉತ್ತರ ಕೊಡೋಕೆ ಹೋಗುತ್ತಾರೆ, ಲಾರಿ ವಿಷಯ ಹಿಂದೆ ಬೀಳುತ್ತೆ. ಲಾರಿ ಯಾವತ್ತು ಬರಬೇಕಿತ್ತು, ಯಾವತ್ತು ಬಂತು, ಎಷ್ಟು ಮೂಟೆ ಮಂಡಿಯಲ್ಲೇ ಉಳಿಯಿತು, ಅದಕ್ಕೆ ಅವರು ಏನು ಮಾಡಬೇಕು – ಇಷ್ಟನ್ನೇ ಬರೆಯಿರಿ. 'ದ ಲಾರಿ ಕೇಮ್ ತ್ರೀ ಡೇಸ್ ಲೇಟ್' ಅಂತ ಶುರು ಮಾಡಿ.