ಅಳದಿದ್ದರೆ ಮಾತ್ರ ಗಟ್ಟಿಗಿತ್ತಿಯಾ?

ಪ್ರಶ್ನೆ: ತನ್ನ ಗಂಡ ಸತ್ತ ಅಪಘಾತದ ಸುದ್ದಿಯನ್ನು ತಾನೇ ಓದಿದ ನಿರೂಪಕಿಯ ಹಳೆಯ ವಿಡಿಯೊ ಮೊನ್ನೆ ಮತ್ತೆ ಫೋನಿಗೆ ಬಂತು. ಮನೆಯಲ್ಲಿ ಎಲ್ಲರೂ ‘ಎಂಥ ಗಟ್ಟಿಗಿತ್ತಿ’ ಅಂದರು. ನನಗೆ ಮಾತ್ರ ಸಂಕಟವಾಯಿತು. ನಾನು ಯೋಚಿಸುವುದೇ ತಪ್ಪಾ?
– ಓದುಗರೊಬ್ಬರು, ಹಾಸನ

ಉತ್ತರ: ತಪ್ಪೇನಿಲ್ಲ, ನನಗೂ ಹಾಗೇ ಆಗಿತ್ತು. ಅದು 2017ರ ಏಪ್ರಿಲ್‌ನದು. ಛತ್ತೀಸ್‌ಗಢದ ಐಬಿಸಿ24 ವಾಹಿನಿಯಲ್ಲಿ ಸುಪ್ರೀತ್ ಕೌರ್ ಬೆಳಗಿನ ಸುದ್ದಿ ಓದುತ್ತಿದ್ದರು. ಮಹಾಸಮುಂದ್ ಜಿಲ್ಲೆಯಲ್ಲಿ ಅಪಘಾತ, ಕಾರಿನಲ್ಲಿದ್ದ ಐವರಲ್ಲಿ ಮೂವರು ಸತ್ತಿದ್ದಾರೆ ಅಂತ ವರದಿಗಾರ ಫೋನಿನಲ್ಲಿ ಹೇಳಿದರು. ಸತ್ತವರ ಹೆಸರು ಹೇಳಲಿಲ್ಲ. ಆದರೆ ಗಾಡಿ ಯಾವುದು, ಯಾವ ದಾರಿ, ಎಷ್ಟು ಜನ ಇದ್ದರು ಅನ್ನುವುದರಲ್ಲೇ ಅವರಿಗೆ ಗೊತ್ತಾಗಿಹೋಯಿತು, ಯಾಕಂದರೆ ಅವರ ಗಂಡ ಅದೇ ದಾರಿಯಲ್ಲಿ ಹೊರಟಿದ್ದರು. ಬುಲೆಟಿನ್ ಮುಗಿಸಿ, ಸ್ಟುಡಿಯೊದಿಂದ ಹೊರಗೆ ಬಂದ ಮೇಲೆ ಅತ್ತರು. ಅವರು ಇನ್ನೂ ಓದುತ್ತಿದ್ದಾಗಲೇ ಸಹೋದ್ಯೋಗಿಗಳಿಗೆ ವಿಷಯ ತಿಳಿದಿತ್ತು, ಹೇಳಲು ಯಾರಿಗೂ ಧೈರ್ಯ ಬರಲಿಲ್ಲ.

ನನ್ನನ್ನು ಕಾಡುವುದು ಇದೇ. ಅವರನ್ನು ದೂರುತ್ತಿಲ್ಲ, ಆ ಜಾಗದಲ್ಲಿ ನನಗೂ ಕೈಕಾಲು ಆಡುತ್ತಿರಲಿಲ್ಲ. ಆದರೂ ಒಂದು ಬ್ರೇಕ್ ಕೊಟ್ಟು, ಬೇರೆಯವರನ್ನು ಕೂರಿಸಿ, ಹೆಗಲ ಮೇಲೆ ಕೈಯಿಟ್ಟು ಕರೆದುಕೊಂಡು ಹೋಗಬಹುದಿತ್ತು ಅಲ್ವಾ? ಟೀವಿಯವರು ಆ ತುಣುಕನ್ನು ಕರ್ತವ್ಯನಿಷ್ಠೆ ಅಂತ ತೋರಿಸುವಾಗ ಈ ಪ್ರಶ್ನೆ ಬಿಟ್ಟೇ ಹೋಗುತ್ತದೆ. ದೂರದ ದೊಡ್ಡ ವಾಹಿನಿಗೆ ಇಂಥ ಅಪಘಾತ ಒಂದು ಸಾಲಿನ ಸುದ್ದಿ. ಊರಿನ ವಾಹಿನಿಯಲ್ಲಿ ಹಾಗಲ್ಲ, ಸತ್ತವರು ಪಕ್ಕದ ಬೀದಿಯವರಿರಬಹುದು, ಸ್ವಂತ ಮನೆಯವರೇ ಇರಬಹುದು.

ಅಮೆರಿಕದ ವರ್ಜೀನಿಯಾದಲ್ಲಿ ರೋನೋಕ್ ಅಂತ ಒಂದು ಊರಿದೆ. 2015ರ ಆಗಸ್ಟ್ 26ರಂದು ಅಲ್ಲಿನ ಡಬ್ಲ್ಯುಡಿಬಿಜೆ ವಾಹಿನಿಯ ವರದಿಗಾರ್ತಿ ಆಲಿಸನ್ ಪಾರ್ಕರ್ ಮತ್ತು ಕ್ಯಾಮೆರಾಮನ್ ಆ್ಯಡಂ ವಾರ್ಡ್ ಅವರನ್ನು ನೇರ ಪ್ರಸಾರ ನಡೆಯುತ್ತಿದ್ದಾಗಲೇ ಗುಂಡಿಟ್ಟು ಕೊಂದರು. ಮರುದಿನ ಬೆಳಿಗ್ಗೆ ಅದೇ ಕಾರ್ಯಕ್ರಮ ಬಂತು. 6.45ಕ್ಕೆ, ಹಿಂದಿನ ದಿನ ಗುಂಡು ಹಾರಿದ ಆ ಹೊತ್ತಿಗೆ, ಎಲ್ಲರೂ ಕೈ ಕೈ ಹಿಡಿದು ಮೌನವಾಗಿ ಕೂತರು. ಹವಾಮಾನ ಹೇಳುವವರ ಗಂಟಲು ಕಟ್ಟಿತು, ಅದನ್ನೂ ಮುಚ್ಚಿಡಲಿಲ್ಲ. ಅತ್ತರು, ಸುದ್ದಿಯನ್ನೂ ಓದಿದರು. ನನಗೆ ಅದೂ ಧೈರ್ಯವೇ, ಅದನ್ನು ಟೀವಿಯಲ್ಲಿ ಇನ್ನೂ ಜಾಸ್ತಿ ನೋಡಬೇಕು ಅನಿಸುತ್ತದೆ.

ನಿಮಗೆ ಬಂದ ವಿಡಿಯೊ ಬುಲೆಟಿನ್‌ನೊಂದಿಗೇ ಮುಗಿದಿರಬೇಕು. ಸುಪ್ರೀತ್‌ಗೆ ಆಗ 28 ವರ್ಷ, ಮದುವೆಯಾಗಿ ಸುಮಾರು ಒಂದು ವರ್ಷವಾಗಿತ್ತು. ಮನೆಯವರಿಗೆ ಇದನ್ನೂ ಹೇಳಿ.